ಜೀವಶಾಸ್ತ್ರದ ಪರೀಕ್ಷೆಗೆ ಹೊಲದಲ್ಲಿ ಅಭ್ಯಾಸ
(ರೈತರಿಗೂ ಕಾಲೇಜು ಓದುತ್ತಿರುವ ಅವರ ಮಕ್ಕಳಿಗೂ ನೀಡಿದ ಉಪನ್ಯಾಸದ ಪಾಠ)



ಮಾರ್ಚ್ ತಿಂಗಳು ಹತ್ತಿರವಾದಂತೆ ಹಳ್ಳಿಯ ಮನೆಗಳಲ್ಲಿ ಎರಡು ಕೆಲಸಗಳು ಒಟ್ಟಿಗೆ ಸಾಗುತ್ತವೆ. ಪಡಸಾಲೆಯಲ್ಲಿ ಮಗಳು ಪಿ.ಯು.ಸಿ. ಜೀವಶಾಸ್ತ್ರದ ಪುಸ್ತಕ ಹಿಡಿದು "ಆಕ್ಸಿನ್, ಜಿಬ್ಬರೆಲಿನ್, ಸೈಟೊಕೈನಿನ್, ಎಥಿಲೀನ್, ಅಬ್ಸಿಸಿಕ್ ಆಮ್ಲ" ಎಂದು ಗಟ್ಟಿಯಾಗಿ ಉರುಹೊಡೆಯುತ್ತಿರುತ್ತಾಳೆ. ಹಿತ್ತಲಲ್ಲಿ ತಂದೆ, ಹಿಂದಿನ ದಿನ ಕಬ್ಬಿನ ಗದ್ದೆಗೆ 2,4-ಡಿ ಕಳೆನಾಶಕ ಹೊಡೆದ ಸಿಂಪರಣಾ ಯಂತ್ರವನ್ನು ಒಂದು ಸಲ ನೀರು ಹಾಕಿ ಕುಲುಕಿ ಚೆಲ್ಲಿ, ಅದರಲ್ಲಿಯೇ ಟೊಮೆಟೊ ಗಿಡಗಳಿಗೆ ಔಷಧಿ ಬೆರೆಸುತ್ತಿರುತ್ತಾನೆ. ಕೆಲವೇ ದಿನಗಳಲ್ಲಿ ಟೊಮೆಟೊ ಎಲೆಗಳು ಮುರುಟಿ, ಕಿರಿದಾಗಿ, ಕಾಂಡ ತಿರುಚಿಕೊಳ್ಳುತ್ತದೆ. ನಂಜುರೋಗ ಬಂತೆಂದು ಮತ್ತೊಂದು ಔಷಧಿ ತರಲಾಗುತ್ತದೆ. ಮಗಳು ಓದುತ್ತಿದ್ದ ಆಕ್ಸಿನ್ನೂ ತಂದೆ ಹೊಡೆದ 2,4-ಡಿಯೂ ಒಂದೇ ಬಳಗದ ವಸ್ತುಗಳೆಂಬ ಮಾತು ಆ ಮನೆಯಲ್ಲಿ ಯಾರ ಬಾಯಿಂದಲೂ ಬಂದಿರುವುದಿಲ್ಲ.

ಇಂದಿನ ವಿಷಯ ಇದೇ. ಜೀವಶಾಸ್ತ್ರದ ಮೂರು ಪಾಠಗಳು ವಿದ್ಯಾರ್ಥಿಗಳನ್ನು ಹೆಚ್ಚಾಗಿ ಕಾಡುತ್ತವೆ: ಹಾರ್ಮೋನುಗಳು, ಡಿ.ಎನ್.ಎ. ಪ್ರತಿ ತೆಗೆಯುವ ರೀತಿ ಮತ್ತು ಇಂಗಾಲದ ಚಕ್ರ. ಪಠ್ಯಪುಸ್ತಕಗಳಲ್ಲಿ ಇವು ಆಗಾಗ ಹಿಗ್ಗುವುದೂ ಕುಗ್ಗುವುದೂ ಉಂಟು. ಆದರೆ ಕೃಷಿ ಪದವಿಗೆ ಹೋಗುವವರಿಗೆ ಮೂರೂ ತಪ್ಪಿದ್ದಲ್ಲ. ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ರೈತರ ಮಕ್ಕಳಿಗಾಗಿ ಮೀಸಲಾದ ಸ್ಥಾನಗಳಿಗೆ ಪ್ರಾಯೋಗಿಕ ಪರೀಕ್ಷೆಯೂ ಇರುವುದರಿಂದ, ಪುಸ್ತಕದ ಪಾಠವನ್ನು ಹೊಲದೊಡನೆ ಹೊಂದಿಸಿ ನೋಡುವ ಅಭ್ಯಾಸ ಇನ್ನೂ ಅಗತ್ಯ. ಪರೀಕ್ಷಕರು ಹೆಸರುಗಳನ್ನು ಕೇಳುವುದು ಕಡಿಮೆ ಅಂಕಕ್ಕೆ, ಹೆಚ್ಚಿನ ಅಂಕವಿರುವುದು "ಏಕೆ?" ಎಂಬ ಪ್ರಶ್ನೆಗೆ. ಹೊಲವಾದರೋ "ಏಕೆ?" ಎಂಬುದನ್ನು ಬಿಟ್ಟು ಬೇರೆ ಪ್ರಶ್ನೆಯನ್ನೇ ಕೇಳುವುದಿಲ್ಲ.

ಮೊದಲು ಹಾರ್ಮೋನುಗಳನ್ನು ತೆಗೆದುಕೊಳ್ಳೋಣ. "ಕುಡಿ ಚಿವುಟಿದರೆ ಪಕ್ಕದ ರೆಂಬೆಗಳು ಹೆಚ್ಚುವುದೇಕೆ?" ಎಂಬುದು ಹಳೆಯ ಪ್ರಶ್ನೆ. ಅನೇಕ ವಿದ್ಯಾರ್ಥಿಗಳು "ತುದಿಮೊಗ್ಗಿನ ಪ್ರಾಬಲ್ಯ ತಪ್ಪುವುದರಿಂದ" ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ಅದು ಹೆಸರು, ಕಾರಣವಲ್ಲ. ಕಾರಣ ಹೀಗಿದೆ. ಕಾಂಡದ ತುದಿಯಲ್ಲಿ ಆಕ್ಸಿನ್ ತಯಾರಾಗಿ ಕೆಳಮುಖವಾಗಿ ಹರಿದು ಬರುತ್ತದೆ. ಅದು ಹರಿಯುತ್ತಿರುವವರೆಗೆ ಎಲೆಗಳ ಕಂಕುಳಲ್ಲಿರುವ ಮೊಗ್ಗುಗಳು ಮಲಗಿರುತ್ತವೆ. ಕುಡಿಯನ್ನು ತೆಗೆದರೆ ಆ ಹರಿವು ನಿಲ್ಲುತ್ತದೆ. ಸೈಟೊಕೈನಿನ್‌ನ ಪ್ರೇರಣೆಯೂ ಸೇರಿ ಮಲಗಿದ್ದ ಮೊಗ್ಗುಗಳು ಒಡೆಯುತ್ತವೆ. ಉತ್ತರ ಕರ್ನಾಟಕದ ತೊಗರಿ ಬೆಳೆಗಾರರು ಬಿತ್ತಿದ ಸುಮಾರು 45 ರಿಂದ 50 ದಿನಕ್ಕೆ ಕುಡಿ ಚಿವುಟುವುದು ಇದೇ ತತ್ವದ ಮೇಲೆ. ರೆಂಬೆ ಹೆಚ್ಚಿದರೆ ಹೂವು ಬಿಡುವ ಜಾಗ ಹೆಚ್ಚುತ್ತದೆ. ಇದರ ತಿರುವು ತಂಬಾಕಿನ ಹೊಲದಲ್ಲಿ ಕಾಣುತ್ತದೆ. ಎಲೆ ದಪ್ಪವಾಗಲೆಂದು ತಲೆ ಮುರಿದ ಕೂಡಲೇ ಕಂಕುಳ ಕುಡಿಗಳು ಒಂದರ ಹಿಂದೊಂದು ನುಗ್ಗುತ್ತವೆ. ಅವನ್ನು ತೆಗೆಯುವುದೇ ಬೇರೊಂದು ಕೆಲಸ.

ತೊಗರಿ ಬೆಳೆಯುವ ಮನೆಯ ವಿದ್ಯಾರ್ಥಿ ಒಂದು ಸಾಲನ್ನು ಚಿವುಟದೆ ಬಿಡಬೇಕು. ಹೂ ಬಿಡುವ ಕಾಲಕ್ಕೆ ಚಿವುಟಿದ ಹತ್ತು ಗಿಡ, ಚಿವುಟದ ಹತ್ತು ಗಿಡ ಆರಿಸಿ ರೆಂಬೆಗಳನ್ನು ಎಣಿಸಿ ಬರೆದಿಡಬೇಕು. ಪರೀಕ್ಷೆಯಲ್ಲಿ "ಪ್ರಯೋಗದಲ್ಲಿ ಹೋಲಿಕೆಯ ತಂಡ ಏಕೆ ಬೇಕು?" ಎಂದು ಕೇಳಿದರೆ ಆಗ ಪುಸ್ತಕದ ವಾಕ್ಯ ಹುಡುಕಬೇಕಾಗಿಲ್ಲ. ಆ ಒಂದು ಸಾಲೇ ಉತ್ತರ.

ಹಾರ್ಮೋನಿನ ಮುಖ್ಯ ಗುಣವೆಂದರೆ ಅದು ಅತ್ಯಲ್ಪ ಪ್ರಮಾಣದಲ್ಲಿ ಕೆಲಸ ಮಾಡುತ್ತದೆ. ಪ್ರಮಾಣ ಮೀರಿದರೆ ತದ್ವಿರುದ್ಧ ಕೆಲಸ ಮಾಡುತ್ತದೆ. ಮೆಣಸಿನಕಾಯಿ ಗಿಡದಲ್ಲಿ ಹೂ ಉದುರುವುದನ್ನು ತಡೆಯಲು ಎನ್.ಎ.ಎ. ಎಂಬ ಕೃತಕ ಆಕ್ಸಿನ್ ಬಳಸುತ್ತಾರೆ. ಅದೇ ವಸ್ತು ಹೆಚ್ಚಾದರೆ ಹೂ ಕಾಯಿಗಳನ್ನು ಉದುರಿಸಬಲ್ಲದು. ಆದ್ದರಿಂದ "ಒಂದು ಮುಚ್ಚಳ ಹಾಕಿ" ಎಂಬ ಅಂಗಡಿಯವರ ಲೆಕ್ಕ ಇಲ್ಲಿ ಸಲ್ಲದು. ಲೆಕ್ಕವನ್ನು ಮನೆಯ ವಿದ್ಯಾರ್ಥಿಯೇ ಮಾಡಲಿ. 20 ಪಿ.ಪಿ.ಎಂ. ಎಂದರೆ ಒಂದು ಲೀಟರ್ ನೀರಿನಲ್ಲಿ 20 ಮಿಲಿಗ್ರಾಂ. ಹತ್ತು ಲೀಟರಿಗೆ 200 ಮಿಲಿಗ್ರಾಂ ಬೇಕು. ಪೇಟೆಯಲ್ಲಿ ಸಿಗುವ ದ್ರಾವಣ ಶೇಕಡ 4.5ರದ್ದಾಗಿದ್ದರೆ ಅದರ ಒಂದು ಮಿಲಿಲೀಟರಿನಲ್ಲಿ 45 ಮಿಲಿಗ್ರಾಂ ಇರುತ್ತದೆ. 200ನ್ನು 45ರಿಂದ ಭಾಗಿಸಿದರೆ ಸುಮಾರು 4.4 ಮಿಲಿಲೀಟರ್. ಮುಚ್ಚಳದಲ್ಲಿ ಎಷ್ಟು ಹಿಡಿಯುತ್ತದೆಂದು ಯಾರೂ ಅಳೆದಿರುವುದಿಲ್ಲ.

2,4-ಡಿಯ ವಿಚಾರಕ್ಕೆ ಮತ್ತೆ ಬರಬೇಕು, ಏಕೆಂದರೆ ನಷ್ಟ ಇಲ್ಲಿ ದೊಡ್ಡದು. ಇದು ಎರಡನೇ ಮಹಾಯುದ್ಧದ ಕಾಲದಲ್ಲಿ ರೂಪುಗೊಂಡ ಕೃತಕ ಆಕ್ಸಿನ್. ಅಗಲ ಎಲೆಯ ಸಸ್ಯಗಳಲ್ಲಿ ಇದು ಬೆಳವಣಿಗೆಯನ್ನು ಹದ್ದುಮೀರಿಸಿ ಗಿಡವನ್ನು ಕೊಲ್ಲುತ್ತದೆ. ಹುಲ್ಲಿನ ಜಾತಿಯ ಕಬ್ಬು, ಜೋಳ, ಭತ್ತ ಶಿಫಾರಸು ಮಾಡಿದ ಹಂತದಲ್ಲಿ ಹೊಡೆದರೆ ತಡೆದುಕೊಳ್ಳುತ್ತವೆ. ಹತ್ತಿ, ಟೊಮೆಟೊ, ದ್ರಾಕ್ಷಿ ಇವಂತೂ ಇದರ ಸೋಂಕು ತಗುಲಿದರೂ ಸಾಕು, ಎಲೆ ಕೆಡುತ್ತವೆ. ಹತ್ತಿಯ ಎಲೆ ಬೆಂಡೆಯ ಎಲೆಯಂತೆ ಸೀಳಿಕೊಂಡು ಕಿರಿದಾಗುತ್ತದೆ. ಈಸ್ಟರ್ ರೂಪದ 2,4-ಡಿ ಆವಿಯಾಗಿಯೂ ಪಕ್ಕದ ಹೊಲ ಸೇರುತ್ತದೆ. ನೆರೆಹೊರೆಯವರ ನಡುವಿನ ಎಷ್ಟೋ ಜಗಳಗಳಿಗೆ ಮೂಲ ಈ ಗಾಳಿಯೇ. ಬರಿಯ ನೀರಿನಿಂದ ತೊಳೆದ ಯಂತ್ರವನ್ನು ನಂಬುವಂತಿಲ್ಲ. ಕಳೆನಾಶಕಕ್ಕೆ ಬೇರೆ ಯಂತ್ರವನ್ನೇ ಇಟ್ಟುಕೊಂಡು, ಗಾಳಿ ಬೀಸುವ ಹೊತ್ತಿನಲ್ಲಿ ಹೊಡೆಯದಿರುವುದು ಕ್ಷೇಮ.

ಎಥಿಲೀನ್ ಅನಿಲರೂಪದ ಹಾರ್ಮೋನು. 1901ರಲ್ಲಿ ರಷ್ಯಾದ ನೆಲ್ಯುಬೋವ್ ಎಂಬ ವಿಜ್ಞಾನಿ, ದೀಪ ಉರಿಸುವ ಅನಿಲ ಸೋರಿದ ಕಡೆ ಬಟಾಣಿ ಸಸಿಗಳು ಸೊಟ್ಟಗೆ ಬೆಳೆಯುವುದಕ್ಕೆ ಎಥಿಲೀನ್ ಕಾರಣವೆಂದು ತೋರಿಸಿದ. ಬಾಳೆಗೊನೆಯನ್ನು ಕೋಣೆಯಲ್ಲಿಟ್ಟು ಹೊಗೆ ಹಾಕುವ ನಮ್ಮ ಹಿರಿಯರಿಗೆ ಹೆಸರು ತಿಳಿದಿರಲಿಲ್ಲ. ಹೊಗೆಯಲ್ಲಿ ಆ ಅನಿಲವಿರುತ್ತದೆ. ಮಾಗಿದ ಒಂದು ಹಣ್ಣು ಉಳಿದ ಕಾಯಿಗಳನ್ನು ಮಾಗಿಸುವುದೂ ಅದರಿಂದಲೇ. ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಹೊರಡುವುದು ಎಥಿಲೀನ್ ಅಲ್ಲ, ಅಸಿಟಿಲೀನ್. ಅದು ಎಥಿಲೀನನ್ನು ಅನುಕರಿಸುತ್ತದೆ, ಜೊತೆಗೆ ಪೇಟೆಯ ಕಾರ್ಬೈಡ್‌ನಲ್ಲಿ ಆರ್ಸೆನಿಕ್ ಮತ್ತು ರಂಜಕದ ಅಂಶಗಳಿರುತ್ತವೆ. ಕಾರ್ಬೈಡ್‌ನಿಂದ ಹಣ್ಣು ಮಾಡುವುದು ಕಾನೂನಿನಂತೆ ನಿಷಿದ್ಧ. 2016ರಿಂದ ಎಥಿಲೀನ್ ಅನಿಲವನ್ನು 100 ಪಿ.ಪಿ.ಎಂ.ವರೆಗೆ ಬಳಸಲು ಅನುಮತಿ ಇದೆ. ಪರೀಕ್ಷೆಯಲ್ಲಿ ಈ ವ್ಯತ್ಯಾಸ ಬರೆದವರಿಗೆ ಅಂಕ ಸಿಗುತ್ತದೆ. ಮಾವು ಮಾರುವವರು ಇದನ್ನು ತಿಳಿದಿದ್ದರೆ ತಿನ್ನುವವರ ಆರೋಗ್ಯ ಉಳಿಯುತ್ತದೆ.

ಬನವಾಸಿಯ ಸುತ್ತಮುತ್ತ ಅನಾನಸು ಬೆಳೆಯುವವರಿಗೆ ಎಥಿಲೀನ್ ಇನ್ನೊಂದು ಬಗೆಯಲ್ಲಿ ಪರಿಚಿತ. ಮಾಗಿಸುವ ಈ ಹಾರ್ಮೋನೇ ಅನಾನಸಿನಲ್ಲಿ ಹೂ ಬಿಡಿಸುತ್ತದೆ. 35 ರಿಂದ 40 ಎಲೆ ಬಂದ ಗಿಡಗಳ ಸುಳಿಗೆ, 25 ಪಿ.ಪಿ.ಎಂ. ಎಥೆಫಾನ್ ಮತ್ತು ಶೇಕಡ 2ರ ಯೂರಿಯಾ ಸೇರಿದ ದ್ರಾವಣವನ್ನು ಗಿಡಕ್ಕೆ 50 ಮಿಲಿಲೀಟರಿನಂತೆ ಹಾಕಿದರೆ ತೋಟವೆಲ್ಲ ಒಂದೇ ಸಮನೆ ಹೂವಿಗೆ ಬರುತ್ತದೆ. ಶೇಕಡ 39ರ ಎಥೆಫಾನ್ ಇದ್ದರೆ ಹತ್ತು ಲೀಟರಿಗೆ ಎಷ್ಟು ಬೇಕು? ಒಂದು ಮಿಲಿಲೀಟರಿನಲ್ಲಿ 390 ಮಿಲಿಗ್ರಾಂ, ಬೇಕಾದದ್ದು 250; ಎಂದರೆ ಸುಮಾರು 0.64 ಮಿಲಿಲೀಟರ್. ಯೂರಿಯಾ 200 ಗ್ರಾಂ. ಅಷ್ಟು ದ್ರಾವಣ 200 ಗಿಡಗಳಿಗೆ ಸಾಕು. ಒಂದು ಮಿಲಿಲೀಟರಿಗೂ ಕಡಿಮೆಯ ಔಷಧಿ ಇನ್ನೂರು ಗಿಡಗಳ ನಡವಳಿಕೆಯನ್ನೇ ಬದಲಿಸುತ್ತದೆಂಬುದನ್ನು ಕಂಡ ವಿದ್ಯಾರ್ಥಿಗೆ "ಹಾರ್ಮೋನು ಅತ್ಯಲ್ಪ ಪ್ರಮಾಣದಲ್ಲಿ ವರ್ತಿಸುತ್ತದೆ" ಎಂಬ ಸಾಲನ್ನು ಉರುಹೊಡೆಯುವ ಕಷ್ಟವಿಲ್ಲ.

ಜಿಬ್ಬರೆಲಿನ್ ಭತ್ತದ ರೋಗದಿಂದ ಬೆಳಕಿಗೆ ಬಂತು ಎಂಬುದನ್ನು ನೆನಪಿಟ್ಟರೆ ಸಾಕು. ಸಸಿಗಳು ಬಡಕಲಾಗಿ ಉದ್ದುದ್ದ ಬೆಳೆಯುವ ಆ ರೋಗಕ್ಕೆ ಒಂದು ಶಿಲೀಂಧ್ರ ಸ್ರವಿಸುವ ವಸ್ತು ಕಾರಣವೆಂದು 1926ರಲ್ಲಿ ಜಪಾನಿನ ಕುರೋಸಾವಾ ತೋರಿಸಿದರು. ಇಂದು ವಿಜಯಪುರದ ಬೀಜರಹಿತ ದ್ರಾಕ್ಷಿ ಗೊಂಚಲುಗಳನ್ನು ಅದೇ ವಸ್ತುವಿನ ದ್ರಾವಣದಲ್ಲಿ ಅದ್ದುತ್ತಾರೆ.

ಪ್ರಾಣಿಗಳ ಹಾರ್ಮೋನುಗಳಿಗೆ ಕೊಟ್ಟಿಗೆಯೇ ಪ್ರಯೋಗಶಾಲೆ. ಕರು ಮೊಲೆಗೆ ಬಾಯಿ ಹಾಕಿದಾಗ ಅಥವಾ ಕೆಚ್ಚಲನ್ನು ಬೆಚ್ಚನೆಯ ನೀರಿನಲ್ಲಿ ತೊಳೆದಾಗ ಆ ಸ್ಪರ್ಶದ ಸುದ್ದಿ ನರಗಳ ಮೂಲಕ ಮೆದುಳಿಗೆ ಹೋಗುತ್ತದೆ. ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ಆಕ್ಸಿಟೋಸಿನ್ ರಕ್ತಕ್ಕೆ ಬಿಡುಗಡೆಯಾಗುತ್ತದೆ. ಅದು ಕೆಚ್ಚಲಿನೊಳಗಿನ ಸಣ್ಣ ಸ್ನಾಯುಕೋಶಗಳನ್ನು ಹಿಂಡಿ ಹಾಲಿಳಿಸುತ್ತದೆ. ಈ ಪ್ರಭಾವ ಕೆಲವೇ ನಿಮಿಷ, ಸುಮಾರು ಐದರಿಂದ ಏಳು ನಿಮಿಷ ಮಾತ್ರ. ಆದ್ದರಿಂದ ಕರೆಯಲು ಕುಳಿತವರು ಅರ್ಧದಲ್ಲಿ ಎದ್ದು ಹೋಗಬಾರದು. ಹಸುವಿಗೆ ಹೊಡೆದರೆ, ನಾಯಿ ಬೊಗಳಿ ಬೆದರಿಸಿದರೆ ಅಡ್ರಿನಲಿನ್ ಹೊಮ್ಮಿ ಹಾಲಿಳಿಯುವುದನ್ನು ತಡೆಯುತ್ತದೆ. "ಹಸು ಹಾಲು ಕದ್ದಿತು" ಎಂಬ ದೂರಿನ ಹಿಂದೆ ಇರುವುದು ಇದೇ. ಇನ್ನು ಕೆಲವರು ಕರು ಸತ್ತ ಎಮ್ಮೆಗೆ ದಿನವೂ ಆಕ್ಸಿಟೋಸಿನ್ ಚುಚ್ಚುತ್ತಾರೆ. ಆಕ್ಸಿಟೋಸಿನ್ ಹಾಲನ್ನು ಇಳಿಸುತ್ತದೆಯೇ ಹೊರತು ಬೇಡಿದಷ್ಟು ಹಾಲನ್ನು ಸೃಷ್ಟಿಸುವುದಿಲ್ಲ. ಹಾಲಿಗಾಗಿ ಪ್ರಾಣಿಯ ಆರೋಗ್ಯ ಕೆಡಿಸುವ ಚುಚ್ಚುಮದ್ದು ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಇನ್ಸುಲಿನ್, ಥೈರಾಕ್ಸಿನ್ ಮುಂತಾದುವನ್ನು ವಿದ್ಯಾರ್ಥಿಗಳು ಪುಸ್ತಕದಿಂದಲೇ ಓದಿಕೊಳ್ಳಬಹುದು. ಆದರೆ "ನರವ್ಯೂಹ ಮತ್ತು ಹಾರ್ಮೋನು ಕೂಡಿ ಕೆಲಸ ಮಾಡುವುದಕ್ಕೆ ಉದಾಹರಣೆ ಕೊಡಿ" ಎಂಬ ಪ್ರಶ್ನೆಗೆ ಹಾಲು ಕರೆಯುವುದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಎರಡನೆಯ ವಿಷಯ ಡಿ.ಎನ್.ಎ. ಪ್ರತಿಯಾಗುವ ರೀತಿ. ಇದನ್ನು ಕಣ್ಣಿಗೆ ಕಾಣದ ವಿಷಯವೆಂದು ಬಹಳ ಮಂದಿ ಬದಿಗಿಡುತ್ತಾರೆ. ಎರಡು ಎಳೆಗಳಿಂದ ಹೊಸೆದ ಹಗ್ಗವನ್ನು ನೆನೆಸಿಕೊಂಡರೆ ಸುಲಭ. ಒಂದು ಎಳೆಯಲ್ಲಿ ಅಡೆನಿನ್ ಇದ್ದ ಕಡೆ ಎದುರು ಎಳೆಯಲ್ಲಿ ಥೈಮಿನ್, ಗ್ವಾನಿನ್ ಇದ್ದ ಕಡೆ ಸೈಟೊಸಿನ್ ಇರಲೇಬೇಕು. ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಈ ರಚನೆಯನ್ನು ಪ್ರಕಟಿಸಿದರು. ಜೀವಕೋಶ ಒಡೆಯುವ ಮುನ್ನ ಹಗ್ಗದ ಹುರಿ ಬಿಚ್ಚುತ್ತದೆ. ಪ್ರತಿಯೊಂದು ಹಳೆಯ ಎಳೆಯ ಎದುರಿಗೂ ಹೊಸ ಎಳೆಯೊಂದು ಕಟ್ಟಲ್ಪಡುತ್ತದೆ. ಒಂದು ಹಗ್ಗ ಎರಡಾಗುತ್ತದೆ, ಎರಡರಲ್ಲೂ ಅರ್ಧ ಹಳೆಯದು, ಅರ್ಧ ಹೊಸದು. ಹುರಿ ಬಿಚ್ಚುವ ಕಿಣ್ವ ಹೆಲಿಕೇಸ್, ಹೊಸ ಎಳೆ ಕಟ್ಟುವುದು ಡಿ.ಎನ್.ಎ. ಪಾಲಿಮರೇಸ್. ಪಾಲಿಮರೇಸ್ ಹೊಸ ಎಳೆಯ 3 ಪ್ರೈಮ್ ತುದಿಗೆ ಮಾತ್ರ ಸೇರಿಸಬಲ್ಲದು. ಆದ್ದರಿಂದಲೇ ಒಂದು ಎಳೆ ಎಡೆಬಿಡದೆ ಸಾಗುತ್ತದೆ, ಇನ್ನೊಂದು ತುಂಡು ತುಂಡಾಗಿ ಕಟ್ಟಲ್ಪಟ್ಟು ಲೈಗೇಸ್‌ನಿಂದ ಬೆಸೆಯಲ್ಪಡುತ್ತದೆ. ಚಿತ್ರ ಬರೆಯುವಾಗ ತುದಿಗಳನ್ನು ಗುರುತಿಸದೆ ಬಿಟ್ಟು ಅಂಕ ಕಳೆದುಕೊಳ್ಳುವವರು ಬಹಳ.

ಇದನ್ನು ದೃಢಪಡಿಸಿದ ಪ್ರಯೋಗ ರೈತರಿಗೆ ಪರಿಚಿತವಾದ ಸಾರಜನಕದಿಂದಲೇ ನಡೆಯಿತು. 1958ರಲ್ಲಿ ಮೆಸಲ್ಸನ್ ಮತ್ತು ಸ್ಟಾಲ್ ಎಂಬವರು ಬ್ಯಾಕ್ಟೀರಿಯಾಗಳನ್ನು ಹಲವು ತಲೆಮಾರು ಭಾರದ ಸಾರಜನಕದಲ್ಲಿ ಬೆಳೆಸಿ, ನಂತರ ಸಾಮಾನ್ಯ ಸಾರಜನಕಕ್ಕೆ ಬದಲಿಸಿದರು. ಒಂದು ತಲೆಮಾರಿನ ಬಳಿಕ ಡಿ.ಎನ್.ಎ. ಎಲ್ಲವೂ ನಡುತೂಕದ್ದಾಯಿತು. ಎರಡನೆಯ ತಲೆಮಾರಿಗೆ ಅರ್ಧ ನಡುತೂಕ, ಅರ್ಧ ಹಗುರ. ಮೂರನೆಯದಕ್ಕೆ ಏನಾಗುತ್ತದೆ? ಒಂದು ಅಣು ಎಂಟಾಗಿರುತ್ತದೆ. ಮೊದಲಿನ ಭಾರದ ಎಳೆಗಳು ಎರಡೇ ಇರುವುದರಿಂದ ಎರಡು ಅಣು ನಡುತೂಕ, ಆರು ಹಗುರ. ಈ ಲೆಕ್ಕ ಪದೇ ಪದೇ ಕೇಳಲ್ಪಡುತ್ತದೆ. ಹಾಗೆಯೇ "ಅಡೆನಿನ್ ಶೇಕಡ 30 ಇದ್ದರೆ ಗ್ವಾನಿನ್ ಎಷ್ಟು?" ಎಂಬುದೂ. ಥೈಮಿನ್ ಸಹ 30, ಉಳಿದ 40ರಲ್ಲಿ ಅರ್ಧ, ಎಂದರೆ 20.

ಈಗ ಹೊಲಕ್ಕೆ ಬರೋಣ. ಪ್ರತಿ ಇಷ್ಟು ನಿಷ್ಠೆಯಿಂದ ಆಗುವುದಾದರೆ, ಹೈಬ್ರಿಡ್ ಬೆಳೆಯ ಬೀಜ ಇಟ್ಟುಕೊಂಡು ಮರುವರ್ಷ ಬಿತ್ತಿದಾಗ ಬೆಳೆ ಏರುಪೇರಾಗುವುದೇಕೆ? ಈ ಪ್ರಶ್ನೆಯಲ್ಲಿ ವಿದ್ಯಾರ್ಥಿಗಳೂ ರೈತರೂ ಸಮನಾಗಿ ಎಡವುತ್ತಾರೆ. ಹೈಬ್ರಿಡ್ ಬೀಜ ಕಂಪನಿಯವರ ಕೈಚಳಕವೆಂದು ಹೇಳುವವರೂ ಇದ್ದಾರೆ. ಡಿ.ಎನ್.ಎ. ಪ್ರತಿಯಾಗುವುದು ಬೇರೆ, ಬೀಜವಾಗುವುದು ಬೇರೆ ಎಂಬುದೇ ಇದಕ್ಕೆ ಉತ್ತರ. ಕಾಂಡ, ಎಲೆ, ಬೇರು ಬೆಳೆಯುವಾಗ ಪ್ರತಿಯೊಂದು ಕೋಶಕ್ಕೂ ಪೂರ್ತಿ ಪ್ರತಿ ಸಿಗುತ್ತದೆ. ಪರಾಗ ಮತ್ತು ಅಂಡ ತಯಾರಾಗುವಾಗ ಮಾತ್ರ ತಂದೆ ತಾಯಿಯಿಂದ ಬಂದ ಜೋಡಿಗಳು ಅಗಲಿ, ಕಲೆತು, ಅರ್ಧರ್ಧ ಹಂಚಿಕೆಯಾಗುತ್ತವೆ. ಧಾರವಾಡದಲ್ಲಿ ಡಾ. ಬಿ.ಎಚ್. ಕತ್ರಕಿಯವರು ಬೆಳಕಿಗೆ ತಂದ, 1972ರಲ್ಲಿ ಬಿಡುಗಡೆಯಾದ ವರಲಕ್ಷ್ಮಿ ಹತ್ತಿಯನ್ನು ನೆನೆಯಬಹುದು. ಅದು ಎರಡು ಬೇರೆ ಬೇರೆ ಪ್ರಭೇದಗಳ ಸಂಕರ. ಮೊದಲ ತಲೆಮಾರಿನ ಪ್ರತಿ ಗಿಡದಲ್ಲೂ ಒಂದು ಪಾಲು ತಾಯಿಯದು, ಒಂದು ಪಾಲು ತಂದೆಯದು. ಆದ್ದರಿಂದ ಹೊಲವೆಲ್ಲ ಒಂದೇ ಸಮ. ಅದರ ಬೀಜದಲ್ಲಿ ಜೋಡಿಗಳು ಒಡೆದು ಹೊಸದಾಗಿ ಸೇರುವುದರಿಂದ ಕೆಲವು ಗಿಡ ಅಜ್ಜನಂತೆ, ಕೆಲವು ಅಜ್ಜಿಯಂತೆ, ಬಹಳಷ್ಟು ಯಾರಂತೆಯೂ ಅಲ್ಲ. ಮೆಂಡೆಲ್ ಬಟಾಣಿಯಲ್ಲಿ ಎಣಿಸಿದ ಮೂರಕ್ಕೊಂದರ ಲೆಕ್ಕ ಇಲ್ಲಿ ನೂರಾರು ಗುಣಗಳಲ್ಲಿ ಒಟ್ಟಿಗೆ ನಡೆಯುತ್ತದೆ. ಹೀಗಾಗಿ ಹೈಬ್ರಿಡ್ ಬೀಜವನ್ನು ವರ್ಷವರ್ಷವೂ ಕೊಳ್ಳಬೇಕಾದದ್ದು ಸಸ್ಯದ ಸ್ವಭಾವದಿಂದ. ಬೆಲೆಯ ವಿಚಾರ ಬೇರೆ. ಅದಕ್ಕೆ ಜೀವಶಾಸ್ತ್ರದಲ್ಲಿ ಉತ್ತರವಿಲ್ಲ.

ಹಾಗಾದರೆ ರಾಗಿಯ ಬೀಜವನ್ನು ತಲೆತಲಾಂತರದಿಂದ ಇಟ್ಟುಕೊಂಡು ಬಂದಿರುವುದು ಹೇಗೆ? ರಾಗಿಯಲ್ಲೂ ಜೋಡಿಗಳು ಅಗಲಿ ಸೇರುತ್ತವೆ. ಆದರೆ ರಾಗಿ ಬಹುತೇಕ ತನ್ನ ಹೂವಿನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಹೀಗೆ ಹಲವು ತಲೆಮಾರು ಕಳೆದಾಗ ಜೋಡಿಯ ಎರಡೂ ಪಾಲು ಒಂದೇ ತೆರನಾಗಿರುತ್ತವೆ. ಒಂದೇ ಬಣ್ಣದ ಎಲೆಗಳ ಇಸ್ಪೀಟನ್ನು ಎಷ್ಟು ಕಲೆಸಿದರೂ ಕೈಗೆ ಬರುವುದು ಅದೇ ಬಣ್ಣ. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಪಡೆದರು. ಮೂಲದಲ್ಲಿ ಸಂಕರವಾದರೂ ತಲೆಮಾರುಗಳ ಆಯ್ಕೆಯಿಂದ ಸ್ಥಿರಗೊಳಿಸಿದ ತಳಿಯಾದ್ದರಿಂದ ಅವುಗಳ ಬೀಜ ಇಟ್ಟುಕೊಳ್ಳಬಹುದು. ಸಂಕರದಿಂದ ಬಂದದ್ದೆಲ್ಲ ಹೈಬ್ರಿಡ್ ಬೀಜವಲ್ಲವೆಂಬ ಈ ಸೂಕ್ಷ್ಮ ಪರೀಕ್ಷೆಯಲ್ಲೂ ಬೀಜದಂಗಡಿಯಲ್ಲೂ ಉಪಯೋಗಕ್ಕೆ ಬರುತ್ತದೆ. ತೆಂಗಿನ ಎತ್ತರದ ತಳಿಯದು ಬೇರೆ ಕಥೆ. ಅದು ಪರಕೀಯ ಪರಾಗ ಪಡೆಯುವ ಮರ. ಒಳ್ಳೆಯ ತಾಯಿಮರದ ಕಾಯಿ ತಂದರೂ ಅರ್ಧ ಪಾಲು ಯಾವ ಮರದಿಂದ ಬಂತೋ ತಿಳಿಯದು. ಆದ್ದರಿಂದಲೇ ಸಸಿಮಡಿಯಲ್ಲಿ ಸೊರಗಿದ ಸಸಿಗಳನ್ನು ಕನಿಕರವಿಲ್ಲದೆ ಕಿತ್ತುಹಾಕಬೇಕೆನ್ನುವುದು.

ಮಾವಿನ ಕಸಿ, ಬಾಳೆಯ ಕಂದು, ಅಂಗಾಂಶ ಕೃಷಿಯ ಸಸಿ ಇವೆಲ್ಲ ಬೀಜದ ಹಾದಿ ಹಿಡಿಯದೆ ಬರಿಯ ಪ್ರತಿಯಿಂದ ಆದವು. ತಾಯಿಯಲ್ಲಿ ಇದ್ದದ್ದೆಲ್ಲ ಬರುತ್ತದೆ. ಗುಣದ ಜೊತೆಗೆ ರೋಗವೂ ಬರಬಹುದು. ಬಾಳೆಯಲ್ಲಿ ಎಲೆಗಳು ಕಿರಿದಾಗಿ ತುದಿಯಲ್ಲಿ ಗೊಂಚಲುಗೂಡುವ ನಂಜುರೋಗ ಕಂದುಗಳ ಮೂಲಕ ಊರಿಂದೂರಿಗೆ ಹೋಗುತ್ತದೆ, ಏಕೆಂದರೆ ನಂಜಾಣುವು ಗಿಡದ ಕೋಶದೊಳಗೆ ಸೇರಿ ತನ್ನ ಪ್ರತಿಗಳನ್ನೂ ಅಲ್ಲಿಯೇ ಮಾಡಿಸಿಕೊಳ್ಳುತ್ತದೆ. ಪುಕ್ಕಟೆ ಸಿಕ್ಕಿತೆಂದು ತಂದ ಕಂದು ತೋಟವನ್ನೇ ಹಾಳುಮಾಡಿದ ಉದಾಹರಣೆಗಳು ಬಾಳೆ ಬೆಳೆಗಾರರಿಗೆ ಗೊತ್ತಿವೆ.

ಕೊನೆಯದು ಇಂಗಾಲದ ಚಕ್ರ. ಗಿಡ ಮಣ್ಣನ್ನು ತಿಂದು ಬೆಳೆಯುತ್ತದೆಂಬ ಭಾವನೆ ಇಂದಿಗೂ ಉಂಟು. ಬೆಲ್ಜಿಯಂ ಕಡೆಯ ವಾನ್ ಹೆಲ್ಮಾಂಟ್ 200 ಪೌಂಡು ಒಣಮಣ್ಣಿನ ಕುಂಡದಲ್ಲಿ 5 ಪೌಂಡಿನ ಸಸಿ ನೆಟ್ಟು ಐದು ವರ್ಷ ಬರಿಯ ನೀರು ಕೊಟ್ಟ. ಮರ 169 ಪೌಂಡು ತೂಗಿತು. ಮಣ್ಣು ಕಳೆದುಕೊಂಡದ್ದು ಎರಡು ಔನ್ಸು ಮಾತ್ರ. ಆತನ ಮರಣಾನಂತರ 1648ರಲ್ಲಿ ಇದು ಪ್ರಕಟವಾಯಿತು. ಎಲ್ಲವೂ ನೀರಿನಿಂದ ಬಂತೆಂದು ಆತ ತೀರ್ಮಾನಿಸಿದ. ಅರ್ಧ ಸರಿ. ಒಣಗಿದ ಸಸ್ಯದ ತೂಕದಲ್ಲಿ ಹತ್ತಿರ ಹತ್ತಿರ ಶೇಕಡ 40 ರಿಂದ 45 ಇಂಗಾಲ, ಅದು ಬರುವುದು ಗಾಳಿಯಿಂದ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಶೇಕಡ 0.04ರಷ್ಟು. 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ ಅಳತೆ ಪ್ರಾರಂಭವಾದಾಗ ಸುಮಾರು 315 ಪಿ.ಪಿ.ಎಂ. ಇದ್ದದ್ದು ಈಗ 420ನ್ನು ದಾಟಿದೆ.

ಎಲೆ ಹಿಡಿದ ಇಂಗಾಲವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಮತ್ತೆ ಗಾಳಿಗೆ ಬಿಡುತ್ತವೆ. ಪುಸ್ತಕದ ಚಿತ್ರದಲ್ಲಿ ಇದು ಒಂದು ಬಾಣದ ಗುರುತು. ಹೊಲದಲ್ಲಿ ಅದೇ ಬಾಣ ಬೆಳೆಯನ್ನು ಹಳದಿ ಮಾಡಬಲ್ಲದು. ಹಸಿಯಾಗಿ ಭತ್ತದ ಹುಲ್ಲನ್ನು ಉತ್ತು ಸೇರಿಸಿ ಕೂಡಲೇ ಬಿತ್ತಿದವರ ಪೈರು ಹಳದಿಯಾಗುವುದನ್ನು ಅನೇಕರು ನೋಡಿರಬಹುದು. ಲೆಕ್ಕ ಹಾಕಿ ನೋಡಿದರೆ ಕಾರಣ ತಿಳಿಯುತ್ತದೆ. 100 ಕಿಲೋ ಒಣಹುಲ್ಲಿನಲ್ಲಿ ಸುಮಾರು 40 ಕಿಲೋ ಇಂಗಾಲ, ಅರ್ಧ ಕಿಲೋ ಸಾರಜನಕ. ಅನುಪಾತ 80ಕ್ಕೆ 1. ಸೂಕ್ಷ್ಮಜೀವಿಗಳು ಇಂಗಾಲದ ಮೂರನೆಯ ಎರಡು ಭಾಗವನ್ನು ಉಸಿರಾಗಿ ಹೊರಹಾಕಿ ಒಂದು ಭಾಗವನ್ನು, ಎಂದರೆ 13 ಕಿಲೋವನ್ನು, ಮೈಗೂಡಿಸಿಕೊಳ್ಳುತ್ತವೆ ಎಂದಿಟ್ಟುಕೊಳ್ಳೋಣ. ಅವುಗಳ ಮೈಯ ಅನುಪಾತ ಸುಮಾರು 10ಕ್ಕೆ 1. ಅದಕ್ಕೆ 1.3 ಕಿಲೋ ಸಾರಜನಕ ಬೇಕು. ಹುಲ್ಲಿನಲ್ಲಿರುವುದು 0.5. ಕೊರತೆಯ 0.8 ಕಿಲೋವನ್ನು ಅವು ಮಣ್ಣಿನಿಂದ, ಪೈರಿನ ಬಾಯಿಂದಲೇ, ಕಸಿದುಕೊಳ್ಳುತ್ತವೆ. ಯೂರಿಯಾದ ಲೆಕ್ಕದಲ್ಲಿ ಇದು ಸುಮಾರು 1.75 ಕಿಲೋ. ಕೆಲವು ವಾರಗಳ ಬಳಿಕ ಆ ಜೀವಿಗಳು ಸತ್ತು ಸಾರಜನಕವನ್ನು ಹಿಂದಿರುಗಿಸುತ್ತವೆ. ಅಷ್ಟು ಹೊತ್ತಿಗೆ ಪೈರಿನ ಎಳೆವಯಸ್ಸು ಕಳೆದಿರುತ್ತದೆ. ಹುಲ್ಲನ್ನು ಗೊಬ್ಬರದ ಗುಂಡಿಯಲ್ಲಿ ಸಗಣಿ, ಗಂಜಲ, ಗ್ಲಿರಿಸಿಡಿಯಾ ಅಥವಾ ಹೊಂಗೆಯ ಸೊಪ್ಪಿನೊಡನೆ ಪದರ ಪದರವಾಗಿ ಹಾಕಿ ಕೊಳೆಸಿದರೆ ಈ ಕಸಿದುಕೊಳ್ಳುವಿಕೆ ಗುಂಡಿಯಲ್ಲಿಯೇ ಮುಗಿಯುತ್ತದೆ. ಸಗಣಿಯ ಅನುಪಾತ ಸುಮಾರು 20 ರಿಂದ 25ಕ್ಕೆ 1 ಇರುವುದರಿಂದ ಅದು ಹುಲ್ಲಿಗೆ ಒಳ್ಳೆಯ ಜೊತೆಗಾರ. ಗಂಜಲವನ್ನು ಚರಂಡಿಗೆ ಬಿಡುವ ಕೊಟ್ಟಿಗೆಗಳಲ್ಲಿ ಮಾತ್ರ ಈ ಲೆಕ್ಕ ಯಾವತ್ತೂ ಕೂಡುವುದಿಲ್ಲ.

ಕಬ್ಬಿನ ತರಗಿಗೆ ಬೆಂಕಿ ಹಚ್ಚುವುದೂ ಇಂಗಾಲದ ಚಕ್ರವೇ, ತಿಂಗಳುಗಳ ಕೆಲಸವನ್ನು ನಿಮಿಷಗಳಲ್ಲಿ ಮುಗಿಸುವ ಚಕ್ರ. ಇಂಗಾಲದ ಜೊತೆಗೆ ಸಾರಜನಕ, ಗಂಧಕ ಬಹುಪಾಲು ಗಾಳಿ ಸೇರುತ್ತವೆ. ಪೊಟ್ಯಾಷ್ ಬೂದಿಯಲ್ಲಿ ಉಳಿಯುತ್ತದೆ. ಕೂಳೆ ಬೆಳೆಯಲ್ಲಿ ತರಗನ್ನು ಸಾಲು ಬಿಟ್ಟು ಸಾಲಿನಲ್ಲಿ ಹೊದಿಸಿದರೆ ತೇವವೂ ಉಳಿಯುತ್ತದೆ, ಕಳೆಯೂ ಅಡಗುತ್ತದೆ. ಗೋಬರ್ ಅನಿಲದ ಸ್ಥಾವರವಿದ್ದವರು ಇದೇ ಚಕ್ರದ ಇನ್ನೊಂದು ದಾರಿಯನ್ನು ಕಾಣಬಹುದು. ಗಾಳಿಯಿಲ್ಲದ ಗುಂಡಿಯಲ್ಲಿ ಇಂಗಾಲ ಮೀಥೇನ್ ಆಗಿ ಒಲೆಗೆ ಬರುತ್ತದೆ, ಸಾರಜನಕ ಬಗ್ಗಡದಲ್ಲಿ ಉಳಿಯುತ್ತದೆ. ನೀರು ನಿಂತ ಭತ್ತದ ಗದ್ದೆಯಲ್ಲೂ ದನದ ಹೊಟ್ಟೆಯಲ್ಲೂ ಮೀಥೇನ್ ಹುಟ್ಟುತ್ತದೆಂದು ಉತ್ತರದಲ್ಲಿ ಸೇರಿಸಬೇಕು.

ಮಣ್ಣು ಪರೀಕ್ಷೆಯ ವರದಿಯಲ್ಲಿ "ಸಾವಯವ ಇಂಗಾಲ" ಎಂಬ ಸಾಲನ್ನು ಬಹಳಷ್ಟು ರೈತರು ಓದದೆ ಮಡಿಸಿಡುತ್ತಾರೆ. ಶೇಕಡ 0.5ಕ್ಕಿಂತ ಕಡಿಮೆಯಾದರೆ ಕೆಳಮಟ್ಟ, 0.5 ರಿಂದ 0.75 ಮಧ್ಯಮ, ಅದಕ್ಕಿಂತ ಮೇಲೆ ಉತ್ತಮ. ವರದಿಯಲ್ಲಿ 0.4 ಎಂದಿದ್ದರೆ ಆ ಜಮೀನನ್ನು 0.5ಕ್ಕೆ ತರಲು ಏನು ಬೇಕೆಂಬುದನ್ನು ಮನೆಯ ವಿದ್ಯಾರ್ಥಿ ಲೆಕ್ಕ ಹಾಕಲಿ. ಒಂದು ಹೆಕ್ಟೇರಿನ ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಅಂದಾಜು 20 ಲಕ್ಷ ಕಿಲೋ. ಅದರ ಶೇಕಡ 0.1 ಎಂದರೆ 2 ಟನ್ ಇಂಗಾಲ. ಹಾಕಿದ ಗೊಬ್ಬರದ ಇಂಗಾಲದಲ್ಲಿ ಹೆಚ್ಚಿನ ಪಾಲು ಉಸಿರಾಗಿ ಹೋಗುವುದರಿಂದ, ಎರಡು ಟನ್ ಮಣ್ಣಿನಲ್ಲಿ ನಿಲ್ಲಬೇಕಾದರೆ ಅದರ ಹಲವು ಪಟ್ಟು ಹಾಕಬೇಕು; ಒಂದು ವರ್ಷದ ಮಾತಲ್ಲ. ಮೊದಲು ಈ ವರ್ಷದ ಅಂಕಿ ತಿಳಿಯಲಿ. ಬೆಳೆ ಕಟಾವಾದ ಮೇಲೆ, ಗೊಬ್ಬರ ಹರಡುವ ಮುನ್ನ, ತಿಪ್ಪೆ, ಬದು ಮತ್ತು ಮರದ ನೆರಳನ್ನು ಬಿಟ್ಟು, ಹೊಲದ ಹತ್ತು ಹದಿನೈದು ಕಡೆ ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ 15 ಸೆಂಟಿಮೀಟರ್ ಆಳ ತೋಡಿ, ಬದಿಯ ಮಣ್ಣನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದಲ್ಲಿ ಕೆರೆದು ತೆಗೆಯಬೇಕು. ಎಲ್ಲವನ್ನೂ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಡುತ್ತಾ ಅರ್ಧ ಕಿಲೋ ಉಳಿಸಿಕೊಂಡು, ನೆರಳಿನಲ್ಲಿ ಒಣಗಿಸಿ, ಹೆಸರು ಮತ್ತು ಸರ್ವೆ ನಂಬರು ಬರೆದ ಚೀಟಿಯೊಡನೆ ಬಟ್ಟೆಯ ಚೀಲದಲ್ಲಿ ಹತ್ತಿರದ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕಳುಹಿಸಬೇಕು.